ಗುಜರಿಗೆ ಹಾಕುವ ಮುನ್ನ ಬೆನ್ನು ತಿರುಗಿಸಿ ನೋಡಿ

ಕಾಪುವಿನ ದೀಪಸ್ತಂಭದಿಂದ ತುಸು ದೂರದಲ್ಲಿ ಒಂದು ಮನೆ ಎಂದಿಟ್ಟುಕೊಳ್ಳಿ. ಚಾವಡಿಯ ಶೋಕೇಸಿನಲ್ಲಿ ಹದಿನೈದು ವರ್ಷಗಳ ಹಿಂದೆ ದುಬೈಯಿಂದ ಬಂದ ಕಪ್ಪು ಪೆಟ್ಟಿಗೆ, ಅಂದರೆ ಹೋಂ ಥಿಯೇಟರ್ ರಿಸೀವರ್. ಸುತ್ತ ಐದು ಸ್ಪೀಕರ್, ಮೂಲೆಯಲ್ಲೊಂದು ದಪ್ಪ ಸಬ್‌ವೂಫರ್. ಎದುರಿನ ಗೋಡೆಯಲ್ಲಿ ಮೊನ್ನೆ ತಾನೇ ತೂಗುಹಾಕಿದ ಹೊಸ ಟಿ.ವಿ. ಚಿತ್ರವೇನೋ ಕಣ್ಣು ಕೋರೈಸುವಂತಿದೆ, ಸ್ವರ ಮಾತ್ರ ಡಬ್ಬದೊಳಗಿಂದ ಬಂದ ಹಾಗೆ!

"ಅಪ್ಪ, ಅದನ್ನು ಗುಜರಿಗೆ ಕೊಡುವ, ಹೊಸತು ತರುವ" ಎನ್ನುತ್ತಾನೆ ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುವ ಮಗ.

"ಎರಡು ತಿಂಗಳ ಸಂಬಳ ಕೊಟ್ಟು ತಂದದ್ದು ಮಾರಾಯ" ಎನ್ನುತ್ತಾರೆ ಅಪ್ಪ.

ಮಗನ ಮಾತಿನಲ್ಲಿ ಸತ್ಯವಿದೆ, ಅಪ್ಪನ ಮಾತಿನಲ್ಲಿ ನೋವಿದೆ. ಆದರೆ ಇಬ್ಬರೂ ಪೆಟ್ಟಿಗೆಯ ಮುಖ ನೋಡಿ ವಾದಿಸುತ್ತಿದ್ದಾರೆ. ನೋಡಬೇಕಾದದ್ದು ಅದರ ಬೆನ್ನನ್ನು.

ಹೊಸ ಟಿ.ವಿ.ಗಳು ತೆಳ್ಳಗಾದಷ್ಟೂ ಅವುಗಳೊಳಗೆ ಸ್ಪೀಕರಿಗೆ ಜಾಗ ಕಡಿಮೆಯಾಯಿತು. ಹಾಗಾಗಿ ಒಳ್ಳೆಯ ಸ್ವರ ಬೇಕೆಂದರೆ ಇವತ್ತಿಗೂ ಹೊರಗಿನ ಸ್ಪೀಕರ್ ಬೇಕು. ಆ ಕಪ್ಪು ಪೆಟ್ಟಿಗೆಯ ಕೆಲಸ ಮುಗಿದಿಲ್ಲ, ಅದಕ್ಕೆ ಧ್ವನಿ ಬರುವ ದಾರಿ ಮಾತ್ರ ಬದಲಾಗಿದೆ.

ಧ್ವನಿ ಹುಟ್ಟುವುದೆಲ್ಲಿ?

ವಯರ್ ಕೊಳ್ಳಲು ಉಡುಪಿಯ ಪೇಟೆಗೆ ಇಳಿಯುವ ಮೊದಲು ಮನೆಯವರೆಲ್ಲ ಕೂತು ಉತ್ತರಿಸಬೇಕಾದ ಪ್ರಶ್ನೆ ಇದೊಂದೇ. ಡಿ.ವಿ.ಡಿ. ಕಾಲದಲ್ಲಿ ಚಿತ್ರ, ಧ್ವನಿ ಎರಡೂ ಪ್ಲೇಯರಿನಲ್ಲಿ ಹುಟ್ಟಿ, ರಿಸೀವರ್ ಮೂಲಕ ಹಾದು, ಟಿ.ವಿ. ತಲುಪುತ್ತಿದ್ದವು. ಧ್ವನಿ ದಾರಿಯಲ್ಲೇ ಇಳಿದುಕೊಳ್ಳುತ್ತಿತ್ತು, ಚಿತ್ರ ಮುಂದೆ ಹೋಗುತ್ತಿತ್ತು. ಈಗ ಯೂಟ್ಯೂಬ್, ಸಿನಿಮಾ ಆ್ಯಪ್‌ಗಳೆಲ್ಲ ಟಿ.ವಿ.ಯೊಳಗೇ ಇವೆ. ಧ್ವನಿ ಟಿ.ವಿ.ಯಲ್ಲೇ ಹುಟ್ಟಿ ಹಿಂದಕ್ಕೆ ರಿಸೀವರಿಗೆ ಬರಬೇಕು. ಹಳೆಯ ರೀತಿಯಲ್ಲೇ ವಯರ್ ಎಳೆದರೆ ಐದು ಸ್ಪೀಕರೂ ಮೂಕವಾಗುವುದು ಇದೇ ಕಾರಣಕ್ಕೆ.

ಈಗ ಪೆಟ್ಟಿಗೆಯ ಬೆನ್ನು ನೋಡಿ. ಹಳದಿ, ಕೆಂಪು, ಬಿಳಿ ತೂತುಗಳ ಸಾಲು ಎಲ್ಲಕ್ಕಿಂತ ಹಳೆಯದು: ಹಳದಿ ಚಿತ್ರಕ್ಕೆ, ಕೆಂಪು-ಬಿಳಿ ಬಲ ಎಡದ ಧ್ವನಿಗೆ. ಹಸಿರು, ನೀಲಿ, ಕೆಂಪು ಮೂರು ಒಟ್ಟಿಗಿದ್ದರೆ ಅದು ಬರೀ ಚಿತ್ರಕ್ಕೆ. ಅದರಲ್ಲಿ ಧ್ವನಿ ಹುಡುಕಿ ಸೋತವರಿದ್ದಾರೆ. ಪುಟ್ಟ ಬಾಗಿಲಿರುವ ಚೌಕದ ತೂತು ಆಪ್ಟಿಕಲ್, 1983ರಲ್ಲಿ ತೋಷಿಬಾ ತಂದದ್ದು. ಚಪ್ಪಟೆಯಾಗಿ ಅಗಲವಿರುವುದು ಎಚ್‌ಡಿಎಂಐ, ಚಿತ್ರ ಧ್ವನಿ ಎರಡನ್ನೂ ಒಂದೇ ವಯರಿನಲ್ಲಿ ಒಯ್ಯುವಂಥದ್ದು, 2002ರ ಕೊನೆಗೆ ಬಂತು. ಅದೇ ವಯರಿನಲ್ಲಿ ಟಿ.ವಿ.ಯಿಂದ ಧ್ವನಿಯನ್ನು ಹಿಂದಕ್ಕೆ ತರುವ 'ಎ.ಆರ್.ಸಿ.' ವ್ಯವಸ್ಥೆ 2009ರ ಆವೃತ್ತಿಯದು. ಕಾಪುವಿನ ಆ ಪೆಟ್ಟಿಗೆ ಅದಕ್ಕಿಂತ ಮೊದಲಿನ ವಿನ್ಯಾಸದ್ದಾದರೆ ಎಚ್‌ಡಿಎಂಐ ಇದ್ದೂ ಧ್ವನಿ ಮರಳಿ ಬರುವುದಿಲ್ಲ.

ಹಾಗೆಂದು ಗುಜರಿಗೆ ಹಾಕಬೇಕಾಗಿಲ್ಲ. ಸೆಟ್‌ಟಾಪ್ ಬಾಕ್ಸ್ ಸಹಿತ ಎಲ್ಲವನ್ನೂ ನೇರ ಟಿ.ವಿ.ಗೆ ಕೊಡಿ. ಟಿ.ವಿ.ಯ ಆಪ್ಟಿಕಲ್ 'ಔಟ್'ನಿಂದ ರಿಸೀವರಿನ ಆಪ್ಟಿಕಲ್ 'ಇನ್'ಗೆ ಒಂದು ವಯರ್ ಎಳೆಯಿರಿ. ಕೆಲವು ನೂರು ರೂಪಾಯಿಯ ಕೆಲಸ. ಹಳೆಯ ರಿಸೀವರ್ ಮೂಲಕ ಚಿತ್ರವನ್ನು ಹಾಯಿಸುವ ಹಠ ಬೇಡ. ಇಂದಿನ 4ಕೆ ಚಿತ್ರಗಳಿಗೆ ಎಚ್‌ಡಿಸಿಪಿ 2.2 ಎಂಬ ರಕ್ಷಣೆಯ ಬೀಗವಿರುತ್ತದೆ. ಅದರ ಕೀಲಿ ತಿಳಿಯದ ಪೆಟ್ಟಿಗೆ ನಡುವೆ ಬಂದರೆ ಪರದೆ ಕಪ್ಪಾಗಬಹುದು, ಇಲ್ಲವೇ ಚಿತ್ರದ ಗುಣಮಟ್ಟ ಇಳಿಯುತ್ತದೆ.

ವಯರಿನ ಎರಡೂ ತುದಿಗಳಲ್ಲಿ ಇರುವ ಪ್ಲಾಸ್ಟಿಕ್ ಟೊಪ್ಪಿಯನ್ನು ತೆಗೆಯಲು ಮರೆಯಬೇಡಿ. (ಮರೆಯುವವರೇ ಹೆಚ್ಚು!) ಟಿ.ವಿ. ಚಾಲೂ ಇದ್ದಾಗ ಇನ್ನೊಂದು ತುದಿಯಲ್ಲಿ ಕೆಂಪು ಬೆಳಕು ಕಂಡರೆ ದಾರಿ ಸರಿಯಿದೆ ಎಂದರ್ಥ. ಆಮೇಲೂ ಸ್ವರ ಬಾರದಿದ್ದರೆ ಟಿ.ವಿ.ಯ ಧ್ವನಿ ಸೆಟ್ಟಿಂಗಿಗೆ ಹೋಗಿ. ಡಿಜಿಟಲ್ ಔಟ್‌ಪುಟ್ 'ಪಿಸಿಎಂ' ಎಂದಿದ್ದರೆ ಆಪ್ಟಿಕಲ್‌ನಲ್ಲಿ ಬರುವುದು ಎರಡೇ ಚಾನೆಲ್. 'ಡಾಲ್ಬಿ ಡಿಜಿಟಲ್' ಎಂದು ಆರಿಸಿದರೆ 5.1ರ ಆರೂ ಬರುತ್ತವೆ. 'ಡಾಲ್ಬಿ ಡಿಜಿಟಲ್ ಪ್ಲಸ್' ಎಂಬ ಹೊಸ ಭಾಷೆ ಹಳೆಯ ಪೆಟ್ಟಿಗೆಗೆ ಅರ್ಥವಾಗದು.

ಆಪ್ಟಿಕಲ್‌ನ ದೊಡ್ಡ ಕೊರತೆ ರಿಮೋಟ್. ಟಿ.ವಿ.ಗೊಂದು, ಸ್ವರಕ್ಕೊಂದು. ಸಂಜೆ ಧಾರಾವಾಹಿ ನೋಡುವ ಅಜ್ಜಿಗೆ ಇದು ಸಣ್ಣ ವಿಷಯವಲ್ಲ. ಮಗ ಹಾಸ್ಟೆಲಿಗೆ ಹೋದ ಮೇಲೆ ಅಜ್ಜಿ ಒಬ್ಬರೇ ಹಚ್ಚಲಾಗದ ವ್ಯವಸ್ಥೆ ಎಷ್ಟು ಉತ್ತಮವಿದ್ದರೂ ವ್ಯರ್ಥ. ಅಂಥ ಮನೆಯಲ್ಲಿ ಟಿ.ವಿ.ಯ ಸ್ವಂತ ಸ್ಪೀಕರನ್ನು ಪೂರ್ತಿ ಬಂದ್ ಮಾಡದೆ, ಸಿನಿಮಾಕ್ಕೆ ಮಾತ್ರ ರಿಸೀವರ್ ಹಚ್ಚುವುದು ಲೇಸು.

ರಿಸೀವರಿನಲ್ಲೂ ಟಿ.ವಿ.ಯಲ್ಲೂ ಎ.ಆರ್.ಸಿ. ಇದ್ದರೆ ಈ ತಲೆಬಿಸಿ ಇಲ್ಲ. ಒಂದೇ ಎಚ್‌ಡಿಎಂಐ, ಒಂದೇ ರಿಮೋಟ್. ಆದರೆ ಎರಡೂ ಕಡೆ 'ಎ.ಆರ್.ಸಿ.' ಎಂದು ಬರೆದ ತೂತಿಗೇ ಸಿಕ್ಕಿಸಬೇಕು, ಸೆಟ್ಟಿಂಗಿನಲ್ಲಿ ಸಿಇಸಿಯನ್ನು ಚಾಲೂ ಮಾಡಬೇಕು. ಒಂದೊಂದು ಕಂಪೆನಿ ಅದಕ್ಕೆ ಒಂದೊಂದು ನಾಮಕರಣ ಮಾಡಿದೆ: ಸ್ಯಾಮ್ಸಂಗ್‌ನಲ್ಲಿ ಎನಿನೆಟ್ ಪ್ಲಸ್, ಎಲ್.ಜಿ.ಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್. 2017ರ ಆವೃತ್ತಿಯೊಡನೆ ಬಂದ 'ಇ-ಎ.ಆರ್.ಸಿ.' ಸಂಕುಚಿತಗೊಳಿಸದ ಧ್ವನಿಯನ್ನೂ ತರಬಲ್ಲದು. ಬ್ಲೂ-ರೇ ಡಿಸ್ಕ್ ಹಾಕಿ ಕೇಳುವವರಿಗೆ ಅದು ಬೇಕು. ಉಳಿದವರು ಅದಕ್ಕಾಗಿಯೇ ಹಣ ಸುರಿಯಬೇಕಾಗಿಲ್ಲ.

ಮಣಿಪಾಲದ ಬಾಡಿಗೆ ಕೋಣೆಯ ಹುಡುಗರಿಗೆ ಒಂದೇ ಮಾತು: ಗೇಮಿನ ಪೆಟ್ಟಿಗೆಯನ್ನು ನೇರ ಟಿ.ವಿ.ಗೇ ಕೊಡಿ. ಧ್ವನಿ ಹಿಂದಿನಿಂದ ಬರಲಿ.

ಗೋಡೆ ಸಾರಣೆಗೆ ಮೊದಲು

ಕಾರ್ಕಳದ ಕಡೆ ಹೊಸ ಮನೆ ಕಟ್ಟಿಸುವವರು ಇಲ್ಲಿ ಹೆಚ್ಚು ಎಚ್ಚರ ವಹಿಸಬೇಕು. ವಿದ್ಯುತ್ ವಯರಿಗೆಂದು ಹಾಕಿದ ಸಪೂರ ಪೈಪಿನೊಳಗೆ ಎಚ್‌ಡಿಎಂಐ ವಯರಿನ ಮಂಡೆ ನುಗ್ಗುವುದಿಲ್ಲ, ನುಗ್ಗಿದರೂ ತಿರುವಿನಲ್ಲಿ ಸಿಕ್ಕಿಕೊಳ್ಳುತ್ತದೆ. ಟಿ.ವಿ.ಯಿಂದ ರಿಸೀವರ್ ಇಡುವ ಜಾಗಕ್ಕೆ ದಪ್ಪದ ಪ್ರತ್ಯೇಕ ಪೈಪು ಹಾಕಿಸಿ, ಒಳಗೊಂದು ಹಗ್ಗ ಬಿಟ್ಟಿರಿ. ದೂರ ಐದು ಮೀಟರ್ ದಾಟಿದರೆ ಸಾಮಾನ್ಯ ತಾಮ್ರದ ಎಚ್‌ಡಿಎಂಐ 4ಕೆ ಚಿತ್ರಕ್ಕೆ ಕೈಕೊಡುವುದುಂಟು.

ಎಲ್ಲ ಜೋಡಿಸಿದ ಮೇಲೆ ಪರೀಕ್ಷೆ ಹೇಗೆ? ಅಂಗಡಿಯಲ್ಲಿ ವಿಮಾನ ಹಾರುವ, ಬಾಂಬು ಸಿಡಿಯುವ ತುಣುಕು ತೋರಿಸುತ್ತಾರೆ. ಈ ಜಿಲ್ಲೆಯವರಿಗೆ ಅದಕ್ಕಿಂತ ಕಠಿಣ ಪರೀಕ್ಷೆ ಕೈಯಲ್ಲೇ ಇದೆ. ಒಂದು ಯಕ್ಷಗಾನದ ವಿಡಿಯೋ ಹಾಕಿ. ವೇಷಧಾರಿಯ ಹೆಜ್ಜೆ ನೆಲಕ್ಕೆ ಬೀಳುವುದೂ ಚೆಂಡೆಯ ಪೆಟ್ಟು ಕೇಳುವುದೂ ಒಂದೇ ಕ್ಷಣದಲ್ಲಿ ಆಗುತ್ತಿದೆಯೇ? ಸೆಕೆಂಡಿನ ಹತ್ತನೇ ಒಂದು ಭಾಗ ತಪ್ಪಿದರೂ ಆಟ ನೋಡಿ ಪಳಗಿದ ಕಣ್ಣಿಗೆ ಕಿರಿಕಿರಿ. ಧ್ವನಿ ಮುಂದೆ ಓಡಿದ್ದರೆ ರಿಸೀವರಿನ 'ಆಡಿಯೋ ಡಿಲೇ' ಅದನ್ನು ತಡೆದು ನಿಲ್ಲಿಸುತ್ತದೆ. ಧ್ವನಿಯೇ ಹಿಂದೆ ಬಿದ್ದಿದ್ದರೆ ಎರಡೂ ಯಂತ್ರಗಳಲ್ಲಿ ಆ ಡಿಲೇಯನ್ನು ಸೊನ್ನೆಗೆ ಇಳಿಸಿ.

ಇನ್ನೊಂದು ಸೂಕ್ಷ್ಮ. ಭಾಗವತರು, ಮದ್ದಳೆ, ಚೆಂಡೆ ಎಲ್ಲ ರಂಗಸ್ಥಳದಲ್ಲಿ ನಮ್ಮ ಎದುರಿಗಿರುವವರು. ರಿಸೀವರನ್ನು ಎಲ್ಲ ಸ್ಪೀಕರಿನಲ್ಲೂ ಒಂದೇ ಧ್ವನಿ ಕೊಡುವ ಕ್ರಮಕ್ಕೆ ಇಟ್ಟರೆ ಚೆಂಡೆ ಬೆನ್ನ ಹಿಂದೆಯೂ ಬಾರಿಸತೊಡಗುತ್ತದೆ! ಇಂಥ ವಿಡಿಯೋಗಳಲ್ಲಿ ಸಾಮಾನ್ಯವಾಗಿ ಇರುವುದು ಎರಡೇ ಚಾನೆಲ್. 'ಸ್ಟೀರಿಯೋ' ಎಂದಿಡುವುದೇ ಸರಿ. ಅಪ್ಪ ಅಮ್ಮ ನೋಡುವುದು ಹೆಚ್ಚಾಗಿ ಇದನ್ನೇ ಎಂದಾದರೆ, ಆಪ್ಟಿಕಲ್ ಇಲ್ಲದ ತೀರಾ ಹಳೆಯ ಪೆಟ್ಟಿಗೆಗೂ ಟಿ.ವಿ.ಯ ಹೆಡ್‌ಫೋನ್ ತೂತಿನಿಂದ ಕೆಂಪು-ಬಿಳಿಗೆ ವಯರ್ ಎಳೆದರೆ ಸಾಕು. ದೊಡ್ಡ ನಷ್ಟವೇನೂ ಇಲ್ಲ.

ವಿದೇಶದಿಂದ ಬಂದ ಪೆಟ್ಟಿಗೆಯ ಪ್ಲಗ್ಗನ್ನು ಗೋಡೆಗೆ ಸಿಕ್ಕಿಸುವ ಮೊದಲು ಬೆನ್ನ ಮೇಲಿನ ವೋಲ್ಟೇಜ್ ಓದಿ. ದುಬೈಯದ್ದು ನಮ್ಮ 230ಕ್ಕೆ ಹೊಂದುತ್ತದೆ. ಅಮೆರಿಕದ ಮಾವ ಕಳುಹಿಸಿದ್ದು 120 ವೋಲ್ಟಿನದಾಗಿರಬಹುದು. ಸೌದಿಯ ಹಲವೆಡೆಯೂ ಹಿಂದೆ 127 ವೋಲ್ಟ್ ಇತ್ತು. ಟ್ರಾನ್ಸ್‌ಫಾರ್ಮರ್ ಇಲ್ಲದೆ ಹಚ್ಚಿದರೆ ಹೊಗೆ ಖಂಡಿತ. ಕಡಲ ಬದಿಯ ಮನೆಗಳಲ್ಲಿ ಉಪ್ಪುಗಾಳಿಗೆ ಸ್ಪೀಕರ್ ವಯರಿನ ತುದಿ ಹಸಿರು ಕಿಲುಬು ಹಿಡಿಯುತ್ತದೆ. ವರ್ಷಕ್ಕೊಮ್ಮೆ ತುದಿ ಕತ್ತರಿಸಿ, ಹೊಸ ತಾಮ್ರ ಹೊರಡಿಸಿ, ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಕಟ್ಟಿ.

ಇನ್ನು ಸಿಡಿಲು. ಡಿಶ್ ಅಥವಾ ಕೇಬಲ್ ವಯರಿನಲ್ಲಿ ಇಳಿದ ವಿದ್ಯುತ್ತು ಎಚ್‌ಡಿಎಂಐಯ ತಾಮ್ರದಲ್ಲಿ ಒಂದರಿಂದ ಇನ್ನೊಂದಕ್ಕೆ ಹಾರುತ್ತದೆ. ಆಪ್ಟಿಕಲ್ ವಯರಿನಲ್ಲಿ ಹರಿಯುವುದು ಬೆಳಕು ಮಾತ್ರ. ಆ ದಾರಿಯಲ್ಲಿ ಸಿಡಿಲಿನ ಪೆಟ್ಟು ದಾಟದು, ಕೇಬಲ್ಲಿನಿಂದ ಬರುವ 'ಗುಂಯ್' ಸದ್ದೂ ದಾಟದು. ಹಾಗಿದ್ದರೂ ಮೇ ತಿಂಗಳ ಸಂಜೆ ಘಟ್ಟದ ಕಡೆ ಗುಡುಗಿದೊಡನೆ ಪ್ಲಗ್ಗನ್ನೂ ಡಿಶ್ಶಿನ ವಯರನ್ನೂ ಕಳಚಿಡಬೇಕು. ಮತ್ತೆ ಸಿಕ್ಕಿಸುವಾಗ ಗೊಂದಲವಾಗದಂತೆ ಪ್ರತಿ ವಯರಿಗೂ ಒಂದು ಚೀಟಿ ಅಂಟಿಸಿಡಿ. ಮಗನ ಹಳೆಯ ನೋಟ್‌ಬುಕ್ಕಿನ ಲೇಬಲ್ಲುಗಳು ಆ ಕೆಲಸಕ್ಕೆ ಧಾರಾಳ ಸಾಕು.