ಕರುವಿನ ಕಾಲಲ್ಲಿ ಎತ್ತಿನ ಎತ್ತರ

ಶಿವರಾತ್ರಿ ಹತ್ತಿರ ಬಂತೆಂದರೆ ಮುಳಬಾಗಿಲು ತಾಲ್ಲೂಕಿನ ಆವಣಿ ಬೆಟ್ಟದ ಬುಡದಲ್ಲಿ ದನಗಳ ಜಾತ್ರೆ ಕೂಡುತ್ತದೆ. ರಾಮಲಿಂಗೇಶ್ವರನ ತೇರು ನೋಡಲು ಬರುವವರು ಒಂದು ಕಡೆ, ಹಗ್ಗ ಹಿಡಿದು ಹೋರಿ ಹೊಡೆದುಕೊಂಡು ಬರುವವರು ಇನ್ನೊಂದು ಕಡೆ. ಕೋಲಾರ, ಮಾಲೂರು, ಶ್ರೀನಿವಾಸಪುರದ ರೈತರ ಜೊತೆಗೆ ಗಡಿಯಾಚೆಯ ಆಂಧ್ರ, ತಮಿಳುನಾಡಿನ ಗಿರಾಕಿಗಳೂ ಬರುತ್ತಾರೆ. ಪೆಂಡಾಲಿನಡಿ ಸಿಂಗರಿಸಿ ನಿಲ್ಲಿಸಿದ ಹಳ್ಳಿಕಾರ್ ತಳಿಯ ಎತ್ತಿನ ಜೋಡಿಗಳ ಮುಂದೆ ಜನ ಮುಗಿಬೀಳುವುದು ಸಹಜ. ಆದರೆ ಕಣ್ಣಿನ ಕಸುಬು ಏನೆಂದು ತಿಳಿಯಬೇಕಾದರೆ, ಇನ್ನೂ ಹಲ್ಲು ಹಾಕದ ಹೋರಿಕರುಗಳನ್ನು ಕಟ್ಟಿದ ಕಡೆಗೆ ಹೋಗಬೇಕು.

ದೊಡ್ಡೆತ್ತಿನ ಎತ್ತರ ಎಲ್ಲರಿಗೂ ಕಾಣುತ್ತದೆ. ಕರು ಇನ್ನು ಮೂರು ವರ್ಷಕ್ಕೆ ಎಷ್ಟೆತ್ತರ ಆದೀತು ಎಂಬುದು ಪಳಗಿದ ಕೆಲವರಿಗೆ ಮಾತ್ರ ಕಾಣುತ್ತದೆ. ಆ ಅಂದಾಜಿನ ಮೇಲೆಯೇ ದುಡ್ಡು ಕೈ ಬದಲಾಗುತ್ತದೆ.

ಜೋಡಿ ಕೂಡಬೇಕು

ಎತ್ತರದ ಲೆಕ್ಕ ಬರೀ ಅಂದಕ್ಕಲ್ಲ. ಒಂದೇ ನೊಗಕ್ಕೆ ಹೂಡುವ ಎರಡು ಎತ್ತುಗಳಲ್ಲಿ ಒಂದು ಎತ್ತರ, ಇನ್ನೊಂದು ಗಿಡ್ಡವಾದರೆ ನೊಗ ಓರೆಯಾಗುತ್ತದೆ, ಭಾರ ಒಂದೇ ಕಡೆ ವಾಲುತ್ತದೆ, ಹೆಗಲು ಹುಣ್ಣಾಗುತ್ತದೆ. ಉಳುವಾಗ ಸಾಲು ನೇರ ಬರುವುದಿಲ್ಲ. ಹಾಗಾಗಿ ಕರುವನ್ನು ಕೊಳ್ಳುವವನು ಮನೆಯಲ್ಲಿ ಕಟ್ಟಿರುವ ಇನ್ನೊಂದು ಕರುವಿಗೆ ಇದು ಜೋಡಿಯಾದೀತೇ ಎಂದು ನೋಡುತ್ತಾನೆ. ಇವತ್ತು ಸಮವಾಗಿ ಕಾಣುವ ಎರಡು ಕರುಗಳು ಪೂರ್ತಿ ಬೆಳೆದ ಹೊತ್ತಿಗೂ ಸಮವಾಗಿಯೇ ಇರಬೇಕು. ಬಣ್ಣ, ಕೊಂಬು, ನಡೆ ಎಲ್ಲ ಕೂಡಿ ಬಂದು ಎತ್ತರ ತಪ್ಪಿತೆಂದರೆ ಜೋಡಿ ಒಡೆಯಿತೆಂದೇ ಲೆಕ್ಕ.

ಅನುಭವಸ್ಥರು ಮೊದಲು ಬಾಯಿ ಬಿಡಿಸುತ್ತಾರೆ. ದನಕ್ಕೆ ಮೇಲ್ದವಡೆಯಲ್ಲಿ ಮುಂಭಾಗದ ಹಲ್ಲಿಲ್ಲ. ಕೆಳಗಿನ ಎಂಟು ಹಾಲುಹಲ್ಲುಗಳೇ ಲೆಕ್ಕಕ್ಕೆ ಬರುವುದು. ಎರಡು ವರ್ಷ ದಾಟಿದಾಗ ನಡುವಿನ ಎರಡು ಬಿದ್ದು ಅಗಲವಾದ ಕಾಯಂ ಹಲ್ಲು ಬರುತ್ತವೆ. ಆಮೇಲೆ ನಾಲ್ಕಾಗಿ, ಆರಾಗಿ, ಐದು ವರ್ಷದ ಹೊತ್ತಿಗೆ ಎಂಟೂ ಬಂದು ಬಾಯಿಗೂಡುತ್ತದೆ. ಇಷ್ಟೆತ್ತರದ ಕರುವಿಗೆ ಇನ್ನೂ ಹಾಲುಹಲ್ಲು ಎಂದರೆ ಬೆಳೆಯಲು ಕಾಲ ಬಾಕಿ ಇದೆ. ಅಷ್ಟೇ ಎತ್ತರದ ಇನ್ನೊಂದಕ್ಕೆ ನಾಲ್ಕು ಹಲ್ಲು ಬಂದಿದ್ದರೆ ಅದರ ಬೆಳವಣಿಗೆ ಮುಗಿಯುತ್ತ ಬಂತು. ವಯಸ್ಸು ಗೊತ್ತಿಲ್ಲದೆ ಎತ್ತರ ಅಳೆದು ಪ್ರಯೋಜನವಿಲ್ಲ.

ಹಲ್ಲಿನಿಂದ ಕಣ್ಣು ನೇರ ಕಾಲಿಗೆ ಇಳಿಯುತ್ತದೆ. ಮುಂಗಾಲಿನ ಮೊಣಕಾಲಿನಿಂದ ಗೊರಸಿನವರೆಗಿನ ಉದ್ದ, ಅಲ್ಲಿನ ಮೂಳೆಯ ದಪ್ಪ, ಗೊರಸಿನ ಅಗಲ ನೋಡುತ್ತಾರೆ. ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ ಹಿಂಭಾಗ ಎತ್ತರವಿದೆಯೇ, ಹೆಗಲು ಎತ್ತರವಿದೆಯೇ ಎಂದು ಪಕ್ಕದಿಂದ ನೋಡುತ್ತಾರೆ. ಕೊನೆಗೆ ತಾಯಿಯ ವಿಚಾರ. ಮೈಮೇಲಿನ ಕೂದಲ ಸುಳಿ ನೋಡುವುದೂ ಉಂಟು. ಅದು ನಂಬಿಕೆಯ ವಿಷಯ, ಎತ್ತರಕ್ಕೂ ಅದಕ್ಕೂ ಸಂಬಂಧವಿಲ್ಲ. ಕಾಲು ನೋಡುವುದಕ್ಕೆ ಮಾತ್ರ ಗಟ್ಟಿಯಾದ ಕಾರಣವಿದೆ.

ಕುದುರೆಯವರ ದಾರದ ಲೆಕ್ಕ

ಕಾಲು ನೋಡಿ ಎತ್ತರ ಹೇಳುವುದನ್ನು ಯುರೋಪಿನ ಕುದುರೆ ಸಾಕುವವರೂ ಕಂಡುಕೊಂಡಿದ್ದಾರೆ. ಜರ್ಮನಿ, ಹಾಲೆಂಡ್ ಕಡೆ ಕ್ರೀಡೆಗಾಗಿ ಬೆಳೆಸುವ ವಾರ್ಮ್‌ಬ್ಲಡ್ ಕುದುರೆಗಳ ಮರಿಗಳು ತಾಯಿಯ ಹಾಲು ಬಿಟ್ಟೊಡನೆ ಮಾರಾಟವಾಗುವುದುಂಟು. ಬೆಂಗಳೂರಿನ ಕುದುರೆ ಸವಾರ ಫವಾದ್ ಮಿರ್ಜಾ 2018ರ ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ ಗೆದ್ದದ್ದು, ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದ್ದು ಜರ್ಮನಿಯಲ್ಲಿ ಹುಟ್ಟಿದ ಸೆನ್ಯೋರ್ ಮೆಡಿಕಾಟ್ ಎಂಬ ಕುದುರೆಯ ಮೇಲೆ. ಉದ್ದ ಕಾಲಿನ ಸವಾರನಿಗೆ ತಕ್ಕ ಎತ್ತರದ ಕುದುರೆ ಬೇಕು. ಮರಿ ಕೊಳ್ಳುವವನು ಅದನ್ನು ಮೊದಲೇ ಊಹಿಸಬೇಕು.

ಅದಕ್ಕೆ ಅವರು ಒಂದು ದಾರ ಹಿಡಿಯುತ್ತಾರೆ. ಮುಂಗಾಲು ಎದೆಗೆ ಸೇರುವಲ್ಲಿರುವ ಮೊಣಕೈ ಮೂಳೆಯಿಂದ ಗೊರಸಿನ ಮೇಲಿನ ಗಂಟಿನವರೆಗೆ ಅಳೆದು, ಮೊಣಕೈ ಬಳಿಯ ತುದಿಯನ್ನು ಅಲ್ಲೇ ಒತ್ತಿ ಹಿಡಿದು, ಕೆಳಗಿನ ತುದಿಯನ್ನು ನೇರ ಮೇಲಕ್ಕೆ ತಿರುಗಿಸುತ್ತಾರೆ. ಅದು ಮುಟ್ಟಿದ ಮಟ್ಟವೇ ಮುಂದೆ ಹೆಗಲು ಬರುವ ಎತ್ತರವೆಂದು ಅಂದಾಜು. ಇನ್ನೊಂದು ಲೆಕ್ಕವೂ ಇದೆ. ಮೊಣಕಾಲಿನ ನಡುವಿನಿಂದ ಗೊರಸಿನ ಅಂಚಿನ ಕೂದಲಗೆರೆಯವರೆಗೆ 16 ಅಂಗುಲವಿದ್ದರೆ ಕುದುರೆ 16 ಹ್ಯಾಂಡ್ ಎತ್ತರಕ್ಕೆ ಬರುತ್ತದೆ ಎನ್ನುತ್ತಾರೆ. ಒಂದು ಹ್ಯಾಂಡ್ ಎಂದರೆ 4 ಅಂಗುಲ. 16 ಹ್ಯಾಂಡ್ ಅಂದರೆ ಸುಮಾರು 163 ಸೆಂಟಿಮೀಟರ್. ಒಂದೆರಡು ಅಂಗುಲ ಆಚೀಚೆ ಆಗುವುದು ಸಾಮಾನ್ಯ.

ಈ ಲೆಕ್ಕದ ಗುಟ್ಟು ಮೂಳೆಯಲ್ಲಿದೆ. ಎಳೆಯ ಮೂಳೆಯ ತುದಿಯಲ್ಲಿ ಮೆದುವಾದ ಬೆಳವಣಿಗೆಯ ಪದರವಿರುತ್ತದೆ. ಅದು ಗಟ್ಟಿಯಾದ ಮೇಲೆ ಮೂಳೆ ಉದ್ದವಾಗುವುದಿಲ್ಲ. ಈ ಪದರ ಕಾಲಿನ ಕೆಳಭಾಗದಲ್ಲಿ ಮೊದಲು ಮುಚ್ಚುತ್ತದೆ, ಬೆನ್ನುಮೂಳೆಯಲ್ಲಿ ಎಲ್ಲಕ್ಕಿಂತ ತಡವಾಗಿ, ಕುದುರೆಗೆ ಐದು ವರ್ಷ ದಾಟಿದ ಮೇಲೆ. ಓಡಿ ಬದುಕಬೇಕಾದ ಪ್ರಾಣಿಯ ಮರಿಗೆ ಕಾಲು ಮೊದಲು ಸಿದ್ಧವಾಗಿರಬೇಕು. ಮರಿಯಾಗಲಿ ಕರುವಾಗಲಿ ಬರೀ ಕಾಲೇ ಕಾಣುವಂತೆ ಹುಟ್ಟುವುದು ಇದಕ್ಕೇ. ಎದೆಯ ಆಳ, ಮೈಯ ತುಂಬುವಿಕೆ ಆಮೇಲೆ ಬರುತ್ತವೆ. ಕುದುರೆಮರಿ ಒಂದು ವರ್ಷಕ್ಕೆ ಪೂರ್ಣ ಎತ್ತರದ ಶೇ 90ರ ಆಸುಪಾಸು ತಲುಪಿರುತ್ತದೆ. ಬೆಳೆಯುವಾಗ ಹಿಂಭಾಗ ಮೊದಲು ಎತ್ತರವಾಗುತ್ತದೆ, ಹೆಗಲು ನಿಧಾನವಾಗಿ ಬಂದು ಸೇರಿಕೊಳ್ಳುತ್ತದೆ. ಹಿಂಭಾಗ ಎತ್ತರವಿರುವ ಮರಿ ಇನ್ನೂ ಬೆಳೆಯುತ್ತದೆಂದು ಅಲ್ಲಿಯವರು ಹೇಳುವುದೂ, ಕರುವನ್ನು ಪಕ್ಕದಿಂದ ನೋಡುವ ಇಲ್ಲಿನ ಅಭ್ಯಾಸವೂ ಒಂದೇ.

ತಾಯಿಯ ಪಾಲು

      

ತಾಯಿಯನ್ನು ವಿಚಾರಿಸುವ ರೂಢಿಗೆ ಪ್ರಯೋಗದ ಬೆಂಬಲವೂ ಉಂಟು. ಕೇಂಬ್ರಿಜ್‌ನ ವಾಲ್ಟನ್ ಮತ್ತು ಹ್ಯಾಮಂಡ್ 1938ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಭಾರೀ ಗಾತ್ರದ ಶೈರ್ ಕುದುರೆಯನ್ನೂ ಪುಟ್ಟ ಶೆಟ್ಲೆಂಡ್ ಕುದುರೆಯನ್ನೂ ಎರಡೂ ರೀತಿಯಲ್ಲಿ ಕೂಡಿಸಿದರು. ತಂದೆ-ತಾಯಿಯ ತಳಿ ಅದಲುಬದಲಾಗಿತ್ತು, ಅಷ್ಟೇ. ಆದರೂ ಶೈರ್ ತಾಯಿಗೆ ಹುಟ್ಟಿದ ಮರಿ ಹುಟ್ಟುವಾಗ ಶೆಟ್ಲೆಂಡ್ ತಾಯಿಯ ಮರಿಯ ಸುಮಾರು ಮೂರು ಪಟ್ಟು ತೂಗಿತು, ದೊಡ್ಡದಾದ ಮೇಲೂ ದೊಡ್ಡದಾಗಿಯೇ ಉಳಿಯಿತು. ಹೊತ್ತವಳ ಹೊಟ್ಟೆಯ ಜಾಗ, ಕೆಚ್ಚಲ ಹಾಲು ಮರಿಯ ಮೇಲೆ ಅಷ್ಟು ಆಳವಾಗಿ ಕೆಲಸ ಮಾಡುತ್ತವೆ.

ಮೇವಿನ ಮಾತೂ ಇದೆ. ರಕ್ತದಲ್ಲಿ ಬಂದ ಎತ್ತರವನ್ನು ಮೇವು ಹೆಚ್ಚಿಸದು. ಮೇವಿನ ಕೊರತೆ ಅದನ್ನು ಖಂಡಿತ ಕುಗ್ಗಿಸುತ್ತದೆ. ಬೇಗ ಎತ್ತರವಾಗಲೆಂದು ಕುದುರೆಮರಿಗೆ ಹಿಂಡಿ, ಕಾಳು ತುರುಕಿದರೆ ಕೀಲಿನ ಮೃದುಮೂಳೆ ಕೆಡಬಹುದು. ಬೀಜ ಒಡೆಯುವ ಸಮಯವೂ ಲೆಕ್ಕಕ್ಕೆ ಬರುತ್ತದೆ. ಎಳವೆಯಲ್ಲೇ ಒಡೆಸಿದರೆ ಮೂಳೆಯ ಪದರ ತಡವಾಗಿ ಮುಚ್ಚುವುದರಿಂದ ಎತ್ತು ತುಸು ಹೆಚ್ಚು ಎತ್ತರಕ್ಕೆ ಹೋಗುತ್ತದೆ, ಆದರೆ ಕತ್ತು, ಹಿಣಿಲು ತುಂಬುವುದಿಲ್ಲ. ಜೋಡಿಯ ಎರಡಕ್ಕೂ ಒಂದೇ ವಯಸ್ಸಿನಲ್ಲಿ ಒಡೆಸುವುದರಲ್ಲಿ ಅರ್ಥವಿದೆ.

ಬರೆದಿಡಬೇಕಾದ ವಿದ್ಯೆ

ಉಳುಮೆ ಟ್ರ್ಯಾಕ್ಟರಿಗೆ ಹೋಯಿತು. ಕೋಲಾರದ ಕೊಟ್ಟಿಗೆಗಳಲ್ಲಿ ಈಗ ಹೆಚ್ಚಾಗಿ ಕಾಣುವುದು ಡೇರಿಗೆ ಹಾಲು ಕೊಡುವ ಮಿಶ್ರತಳಿ ಹಸುಗಳು. 2022ರಲ್ಲಿ ಚರ್ಮಗಂಟು ರೋಗ ಹರಡಿದಾಗ ರಾಜ್ಯದಲ್ಲಿ ದನಗಳ ಜಾತ್ರೆಗಳಿಗೇ ತಡೆ ಬಿತ್ತು. ಜಾತ್ರೆ ಒಂದು ವರ್ಷ ನಿಂತರೆ ಮುಂದಿನ ವರ್ಷ ಕೂಡೀತು. ಕರು ನೋಡಿ ಎತ್ತು ಹೇಳುವ ಹಿರಿಯರು ಹೋದರೆ ಆ ವಿದ್ಯೆ ಮತ್ತೆ ಬಾರದು, ಏಕೆಂದರೆ ಅದು ಯಾವ ಪುಸ್ತಕದಲ್ಲೂ ಪೂರ್ತಿಯಾಗಿ ಇಲ್ಲ.

ಇದನ್ನು ಉಳಿಸುವ ದಾರಿ ಕಷ್ಟದ್ದಲ್ಲ. ಆವಣಿಯಂಥ ಜಾತ್ರೆಯಲ್ಲಿ ಪಶುವೈದ್ಯ ವಿದ್ಯಾರ್ಥಿಗಳು ಒಂದು ಅಳತೆಕೋಲು, ಒಂದು ಪುಸ್ತಕ ಹಿಡಿದು ಕೂರಬಹುದು. ಕರುವಿನ ಹಲ್ಲು, ಹೆಗಲ ಎತ್ತರ, ಮೊಣಕಾಲ ಕೆಳಗಿನ ಉದ್ದ ಬರೆದು, ಪಕ್ಕದಲ್ಲಿ ಹಿರಿಯರೊಬ್ಬರ ಅಂದಾಜನ್ನೂ ಬರೆಯಬೇಕು. ಅದೇ ಕರುವನ್ನು ಎರಡು ಹಲ್ಲು ಬಂದಾಗ ಒಮ್ಮೆ, ಬಾಯಿಗೂಡಿದಾಗ ಇನ್ನೊಮ್ಮೆ ಅಳೆಯಬೇಕು. ಐದು ವರ್ಷದಲ್ಲಿ ಹಳ್ಳಿಕಾರ್ ತಳಿಗೇ ಹೊಂದುವ ಲೆಕ್ಕವೊಂದು ಕೈಗೆ ಸಿಗುತ್ತದೆ. ಕುದುರೆಯವರಿಗೆ ಅವರ ದಾರದ ಲೆಕ್ಕ ಇದ್ದಂತೆ ನಮ್ಮ ರೈತನಿಗೂ ಅವನ ಕರುವಿನ ಲೆಕ್ಕ ಬರಹದಲ್ಲಿ ಇರಬೇಕು. ಆಗ ಜಾತ್ರೆಗೆ ಮೊದಲ ಸಲ ಬಂದ ಹುಡುಗನೂ ದಲ್ಲಾಳಿಯ ಮಾತಿಗೆ ಮರುಳಾಗದೆ, ಕರುವಿನ ಕಾಲು ನೋಡಿ ಬೆಲೆ ಹೇಳಬಲ್ಲ.