ಗುಲಾಬಿ ಕಾಯಿಕೊರಕ ಮತ್ತು ನಿಸರ್ಗದ ಆಯ್ಕೆ

ಭಾರತದಲ್ಲಿ ಬಿ.ಟಿ. ಹತ್ತಿಯ ಬೇಸಾಯಕ್ಕೆ 2002ರಲ್ಲಿ ಒಪ್ಪಿಗೆ ದೊರೆಯಿತು. ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯಾದ ವಂಶವಾಹಿಯನ್ನು ಸೇರಿಸಿದ ಈ ಹತ್ತಿ ಗಿಡದಲ್ಲಿ, ಕಾಯಿಕೊರಕಗಳಿಗೆ ವಿಷವಾಗುವ ಪ್ರೋಟೀನು ತಯಾರಾಗುತ್ತದೆ. 2006ರಲ್ಲಿ ಇಂತಹ ಎರಡು ಪ್ರೋಟೀನುಗಳುಳ್ಳ ಹತ್ತಿ ಬಂದಿತು. ಆದರೆ ಗುಜರಾತಿನಲ್ಲಿ ಗುಲಾಬಿ ಕಾಯಿಕೊರಕವು ಮೊದಲನೆಯ ಪ್ರೋಟೀನಿಗೆ ಜಗ್ಗುತ್ತಿಲ್ಲವೆಂಬುದು 2010ರಲ್ಲಿ ಪ್ರಕಟವಾಯಿತು. ಮುಂದಿನ ಕೆಲವೇ ವರ್ಷಗಳಲ್ಲಿ ಅದು ಎರಡನ್ನೂ ತಡೆದುಕೊಂಡಿತು. ಕರ್ನಾಟಕದ ಹತ್ತಿ ಬೆಳೆಗಾರರೂ ಈ ಹುಳುವಿನಿಂದ ನಷ್ಟ ಅನುಭವಿಸಿದ್ದಾರೆ.

"ಹುಳು ವಿಷಕ್ಕೆ ಒಗ್ಗಿಹೋಗಿದೆ" ಎಂದು ರೈತರು ಹೇಳುವುದುಂಟು. ಈ ಮಾತು ಪೂರ್ತಿ ಸರಿಯಲ್ಲ. ಯಾವುದೇ ಒಂದು ಹುಳು ತನ್ನ ಜೀವಮಾನದಲ್ಲಿ ವಿಷಕ್ಕೆ ಒಗ್ಗಿಕೊಳ್ಳಲಿಲ್ಲ. ಬದಲಾದದ್ದು ಹುಳುಗಳ ಸಂತತಿ. ಚಾರ್ಲ್ಸ್ ಡಾರ್ವಿನ್ 1859ರಲ್ಲಿ ವಿವರಿಸಿದ ಜೀವವಿಕಾಸದ ನಿಯಮವೇ ಇದು. ಇದಕ್ಕೆ ಮೂರು ಸಂಗತಿಗಳು ಕೂಡಿಬರಬೇಕು.

1. ವ್ಯತ್ಯಾಸ: ಒಂದೇ ಜಾತಿಯ ಹುಳುಗಳೆಲ್ಲ ಒಂದೇ ತೆರನಾಗಿರುವುದಿಲ್ಲ. ಲಕ್ಷಾಂತರ ಹುಳುಗಳಲ್ಲಿ ಎಲ್ಲೋ ಕೆಲವಕ್ಕೆ ವಿಷವನ್ನು ತಡೆಯುವ ಗುಣ ಹುಟ್ಟಿನಿಂದಲೇ ಇರುತ್ತದೆ.

2. ಅನುವಂಶೀಯತೆ: ಈ ಗುಣವು ತಾಯಿ-ತಂದೆಯಿಂದ ಮರಿಗಳಿಗೆ ಇಳಿದು ಬರುತ್ತದೆ.

3. ಆಯ್ಕೆ: ವಿಷಕ್ಕೆ ಸಿಕ್ಕ ಹುಳುಗಳು ಸಾಯುತ್ತವೆ. ತಡೆದುಕೊಂಡವು ಮಾತ್ರ ಪತಂಗಗಳಾಗಿ ಮೊಟ್ಟೆಯಿಡುತ್ತವೆ.

ರೈತನು ಬೀಜಕ್ಕಾಗಿ ಒಳ್ಳೆಯ ಜೋಳದ ತೆನೆಗಳನ್ನು ಆರಿಸುವಂತೆ, ಬಿ.ಟಿ. ಹೊಲದಲ್ಲಿ ವಿಷವೇ ಗಟ್ಟಿ ಹುಳುಗಳನ್ನು ಆರಿಸುತ್ತದೆ. ಒಂದು ಹಂಗಾಮಿನಲ್ಲಿಯೇ ಈ ಕೀಟದ ಹಲವು ತಲೆಮಾರುಗಳು ಕಳೆಯುವುದರಿಂದ ಬದಲಾವಣೆ ಬೇಗನೆ ಕಾಣಿಸುತ್ತದೆ.

ಆಶ್ರಯ ಬೆಳೆ ಏಕೆ?

ಮೊದಲು ಬಿ.ಟಿ. ಬೀಜದೊಂದಿಗೆ ಸಾದಾ ಹತ್ತಿ ಬೀಜದ ಪ್ರತ್ಯೇಕ ಪೊಟ್ಟಣವನ್ನು ಕೊಡಲಾಗುತ್ತಿತ್ತು. ಹೊಲದ ಸುತ್ತ ಐದು ಸಾಲು ಅಥವಾ ಶೇಕಡ 20ರಷ್ಟು ಕ್ಷೇತ್ರದಲ್ಲಿ ಅದನ್ನು ಬಿತ್ತಬೇಕಿತ್ತು. ಇಳುವರಿ ಕಡಿಮೆಯಾದೀತೆಂದು ಹೆಚ್ಚಿನವರು ಬಿತ್ತಲಿಲ್ಲ. ಸಾದಾ ಹತ್ತಿಯಲ್ಲಿ ಬೆಳೆದ ದುರ್ಬಲ ಪತಂಗಗಳು ಗಟ್ಟಿ ಪತಂಗಗಳೊಡನೆ ಕೂಡಿದರೆ, ಹುಟ್ಟುವ ಮರಿಗಳಲ್ಲಿ ಬಹುಪಾಲು ಬಿ.ಟಿ. ಗಿಡವನ್ನು ತಿಂದು ಸಾಯುತ್ತವೆ. ಸಾದಾ ಹತ್ತಿ ಇಲ್ಲದೆಡೆ ಗಟ್ಟಿ ಪತಂಗಗಳು ತಮ್ಮತಮ್ಮಲ್ಲೇ ಕೂಡಿ ವಂಶ ಬೆಳೆಸುತ್ತವೆ.

ಹಸಿರು ಕಾಯಿಕೊರಕವು ತೊಗರಿ, ಕಡಲೆ, ಸೂರ್ಯಕಾಂತಿಗಳನ್ನೂ ತಿನ್ನುವುದರಿಂದ ಅದಕ್ಕೆ ಆಶ್ರಯ ತಾನಾಗಿಯೇ ದೊರೆಯುತ್ತದೆ. ಗುಲಾಬಿ ಕಾಯಿಕೊರಕಕ್ಕೆ ಹತ್ತಿಯೇ ಮುಖ್ಯ ಆಹಾರ. ಆದ್ದರಿಂದ ಅದೇ ಮೊದಲು ಬದಲಾಯಿತು. ಅಮೆರಿಕದ ಅರಿಜೋನಾದಲ್ಲಿ ರೈತರು ಆಶ್ರಯ ಬೆಳೆಯನ್ನು ತಪ್ಪದೆ ಬೆಳೆದರು. ಅನಂತರ ಸಂತಾನಶಕ್ತಿ ಕಳೆದ ಪತಂಗಗಳನ್ನೂ ಬಿಡಲಾಯಿತು. 2018ರಲ್ಲಿ ಆ ದೇಶದ ಹತ್ತಿ ಹೊಲಗಳಿಂದ ಈ ಕೀಟ ನಿರ್ಮೂಲವಾಯಿತೆಂದು ಘೋಷಿಸಲಾಯಿತು.

ರೈತರು ಮಾಡಬೇಕಾದುದು

ಬೀಜದ ಪೊಟ್ಟಣದಲ್ಲಿ ಬೆರೆಸಿರುವ ಸಾದಾ ಬೀಜವನ್ನು ಆರಿಸಿ ತೆಗೆಯಬಾರದು. ಊರಿನವರೆಲ್ಲ ಏಕಕಾಲಕ್ಕೆ ಬಿತ್ತಬೇಕು. ಮೋಹಕ ಬಲೆಗಳನ್ನಿಟ್ಟು ಪತಂಗಗಳ ಸಂಖ್ಯೆಯನ್ನು ಗಮನಿಸಬೇಕು. ಗುಲಾಬಿಯಂತೆ ಮುದುಡಿದ ಹೂಗಳನ್ನು ಕಿತ್ತು ನಾಶಪಡಿಸಬೇಕು. ಡಿಸೆಂಬರ್ ಒಳಗೆ ಬೆಳೆ ಮುಗಿಸಿ, ಹೊಲದಲ್ಲಿ ಕುರಿಗಳನ್ನು ಮೇಯಿಸಿ, ಹತ್ತಿ ಕಟ್ಟಿಗೆಯನ್ನು ಪುಡಿ ಮಾಡಬೇಕು. ಕೂಳೆ ಬೆಳೆ ಬಿಡಬಾರದು. ವಿಷವು ಗಟ್ಟಿ ಹುಳುವನ್ನು ಉಳಿಸಿ ಉಳಿದವನ್ನು ಕೊಲ್ಲುತ್ತದೆ. ಈ ಕ್ರಮಗಳಿಗಾದರೋ ಗಟ್ಟಿ, ದುರ್ಬಲ ಎಂಬ ಭೇದವಿಲ್ಲ.