ನೋವೇ ಇಲ್ಲದ ಗಾಯ

ಮೇ ತಿಂಗಳ ಒಂದು ಶುಕ್ರವಾರ. ರಾಯಚೂರಿನಲ್ಲಿ ಬಿಸಿಲು 40 ಡಿಗ್ರಿ ದಾಟಿದೆ. ವುಝೂ ಮುಗಿಸಿದ ನೀವು ಕಾದ ಕಲ್ಲುಹಾಸಿನ ಅಂಗಳ ದಾಟಬೇಕು. ಕಾಲಿಟ್ಟ ಕೂಡಲೇ ಚುರ್ರೆನ್ನುತ್ತದೆ, ನಾಲ್ಕು ಹೆಜ್ಜೆ ಓಡಿ ಚಾಪೆ ಸೇರುತ್ತೀರಿ. ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ ಇರುವ ಹಿರಿಯರೊಬ್ಬರು ಅದೇ ಕಲ್ಲಿನ ಮೇಲೆ ಮಾತಾಡುತ್ತಾ ನಿಧಾನವಾಗಿ ನಡೆದು ಬರುತ್ತಾರೆ. ಅವರ ಸಹನೆ ದೊಡ್ಡದೆಂದುಕೊಳ್ಳಬೇಡಿ. ಅವರ ಅಂಗಾಲಿನ ನರಗಳು ಸುದ್ದಿ ಕಳುಹಿಸುವುದನ್ನೇ ನಿಲ್ಲಿಸಿರಬಹುದು.

ನರಮಂಡಲಕ್ಕೆ ಮೆದುಳು ಮತ್ತು ಬೆನ್ನುಹುರಿಯೇ ಕೇಂದ್ರ. ಅಲ್ಲಿಂದ ಹೊರಟ ನರಗಳು ಮೈಯೆಲ್ಲ ಹರಡಿವೆ. ಕೆಲವು ಎಳೆಗಳು ಸುದ್ದಿಯನ್ನು ಒಳಗೆ ತರುತ್ತವೆ, ಕೆಲವು ಆಜ್ಞೆಯನ್ನು ಹೊರಗೆ ಒಯ್ಯುತ್ತವೆ. ಇನ್ನು ಕೆಲವು ನಮಗೆ ತಿಳಿಯದಂತೆಯೇ ಎದೆಬಡಿತ, ಜೀರ್ಣಕ್ರಿಯೆ, ಬೆವರು ಇವನ್ನೆಲ್ಲ ನೋಡಿಕೊಳ್ಳುತ್ತವೆ. ಜಾಲಿ ಮುಳ್ಳು ಚುಚ್ಚಿದಾಗ ಮೊದಲು ಕಾಲು ಮೇಲೇಳುತ್ತದೆ, ಬಾಯಿಂದ ಕೂಗು ಬರುವುದು ಆಮೇಲೆ. ಸುದ್ದಿ ಬೆನ್ನುಹುರಿ ತಲುಪಿದ ಕೂಡಲೇ, ಮೆದುಳಿನ ಅಪ್ಪಣೆಗೆ ಕಾಯದೆ, ಕಾಲೆತ್ತುವ ಆಜ್ಞೆ ಅಲ್ಲಿಂದಲೇ ಹೊರಡುತ್ತದೆ. ನೋವು ಗೊತ್ತಾಗುವುದು ಸುದ್ದಿ ಮೆದುಳು ಮುಟ್ಟಿದ ಮೇಲೆ.

ಕಾಲಿನ ಹೆಬ್ಬೆರಳಿನಿಂದ ಸುದ್ದಿ ತರುವ ನರಕೋಶದ ಒಡಲು ಇರುವುದು ಸೊಂಟದ ಬಳಿ, ಬೆನ್ನೆಲುಬಿನ ಪಕ್ಕದಲ್ಲಿ. ಅಲ್ಲಿಂದ ಬೆರಳ ತುದಿಯವರೆಗೆ ಒಂದೇ ಜೀವಕೋಶದ ಒಂದೇ ಎಳೆ, ಸುಮಾರು 1 ಮೀಟರ್ ಉದ್ದ! ಎಳೆಯ ತುದಿಗೆ ಬೇಕಾದ ಸಾಮಗ್ರಿ ಬಹುಪಾಲು ಸೊಂಟದಿಂದಲೇ ಸಾಗಿ ಬರಬೇಕು. ಮಾನ್ವಿ ಕಡೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಲುವೆಯಲ್ಲಿ ನೀರು ಕಡಿಮೆಯಾದರೆ ಮೊದಲು ಒಣಗುವುದು ಕೊನೆಯ ಗದ್ದೆ. ವರ್ಷಗಟ್ಟಲೆ ಹೆಚ್ಚಿದ ಸಕ್ಕರೆಯು ನರಗಳನ್ನೂ ಅವುಗಳಿಗೆ ರಕ್ತ ಕೊಡುವ ಸಣ್ಣ ನಾಳಗಳನ್ನೂ ಕೆಡಿಸುತ್ತದೆ, ಅತಿ ಉದ್ದದ ಎಳೆ ಮೊದಲು ಸೋಲುತ್ತದೆ. ಆದ್ದರಿಂದಲೇ ತೊಂದರೆ ಕಾಲ್ಬೆರಳಲ್ಲಿ ಶುರುವಾಗಿ, ಕಾಲುಚೀಲ ತೊಟ್ಟಂತೆ ಮೇಲೇರುತ್ತದೆ. ಮೊದಲು ಜೋಮು, ರಾತ್ರಿ ಉರಿ. ಆಮೇಲೆ ಏನೂ ಇಲ್ಲ. ಉರಿ ನಿಂತಿತೆಂದು ಮಾತ್ರೆ ಬಿಡುವವರಿದ್ದಾರೆ. ಸಕ್ಕರೆ ಹತೋಟಿಗೆ ಬರದೆಯೇ ಉರಿ ನಿಂತಿದ್ದರೆ ಅದು ನರ ಸತ್ತ ಗುರುತೂ ಆಗಿರಬಹುದು. ಬೆವರಿನ ನರವೂ ಕೆಟ್ಟು ಹಿಮ್ಮಡಿ ಒಣಗಿ ಬಿರಿಯುತ್ತದೆ.

ದೇವದುರ್ಗದ ಹತ್ತಿ ಹೊಲದಲ್ಲಿ ಚಪ್ಪಲಿ ತೂರಿ ಬಂದ ಮುಳ್ಳು ಇಂಥವರ ಪಾದದಲ್ಲಿ ದಿನಗಟ್ಟಲೆ ಉಳಿದರೂ ಗೊತ್ತಾಗದು. ಕೊನೆಗೆ ಗೊತ್ತಾಗುವುದು ಕೀವಿನ ವಾಸನೆಯಿಂದ. ಅಷ್ಟರಲ್ಲಿ ಬೆರಳನ್ನೋ ಪಾದವನ್ನೋ ಕತ್ತರಿಸುವ ಮಾತು ಬಂದಿರುತ್ತದೆ.

ದಿನಕ್ಕೆ ಐದು ಹೊತ್ತು ಪಾದ ತೊಳೆಯುವವರು ನಾವು. ಆದರೆ ತೊಳೆಯುವುದು ಬೇರೆ, ನೋಡುವುದು ಬೇರೆ. ಒಂದು ಹೊತ್ತಿನ ವುಝೂವನ್ನಾದರೂ ಬೆಳಕಿನಲ್ಲಿ ಕೂತು ಮಾಡಿ. ಅಂಗಾಲು ಕಾಣದಿದ್ದರೆ ನೆಲದ ಮೇಲೆ ಕನ್ನಡಿ ಇಟ್ಟುಕೊಳ್ಳಿ. ಬೆರಳ ಸಂದಿಗೆ ಖಿಲಾಲ್ ಮಾಡಿದ ಮೇಲೆ ಬಟ್ಟೆಯಿಂದ ಒರೆಸಿ, ತೇವ ಉಳಿದರೆ ಸಂದಿ ಕೊಳೆಯುತ್ತದೆ. ಚಳಿಗಾಲದ ಬಿಸಿನೀರನ್ನು ಕಾಲಿನಿಂದ ಪರೀಕ್ಷಿಸಬೇಡಿ, ಮನೆಯ ಇನ್ನೊಬ್ಬರು ಮುಟ್ಟಿ ನೋಡಲಿ. ಚರ್ಮದ ಮೋಜಾದ ಮೇಲೆ ಮಸಹ್ ಮಾಡುವವರು ಒಂದು ದಿನ ಒಂದು ರಾತ್ರಿಯ ಅವಧಿ ಮುಗಿಸಿ ಬಿಚ್ಚಿದಾಗ ಪಾದವನ್ನು ತಿರುಗಿಸಿ ನೋಡಲಿ. ಮಸೀದಿ ಕಮಿಟಿಯವರಲ್ಲೂ ಒಂದು ಕೋರಿಕೆ: ಬೇಸಿಗೆಯಲ್ಲಿ ವುಝೂ ಜಾಗದಿಂದ ಒಳಬಾಗಿಲವರೆಗೆ ದಪ್ಪ ಚಾಪೆ ಹಾಸಿಸಿ, ಖರ್ಚು ದೊಡ್ಡದಲ್ಲ.

ನಿಮ್ಮ ಅಬ್ಬಾ, ಅಮ್ಮಿಗೆ ಸಕ್ಕರೆ ಕಾಯಿಲೆ ಇದ್ದರೆ ಇಂದೇ ಒಂದು ಪರೀಕ್ಷೆ ಮಾಡಿ. ಅವರು ಕಣ್ಣು ಮುಚ್ಚಿ ಮಲಗಲಿ. ಎರಡೂ ಕಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳ ತುದಿಯನ್ನು ನಿಮ್ಮ ತೋರುಬೆರಳಿನಿಂದ 1-2 ಸೆಕೆಂಡು ಹಗುರವಾಗಿ ಮುಟ್ಟಿ. ಒತ್ತಬೇಡಿ, ತಟ್ಟಬೇಡಿ. 6 ಕಡೆಗಳಲ್ಲಿ 2 ಅಥವಾ ಹೆಚ್ಚು ಕಡೆ ಗೊತ್ತಾಗದಿದ್ದರೆ ವೈದ್ಯರಿಗೆ ತೋರಿಸಿ. ಮಾನ್ವಿ, ದೇವದುರ್ಗದವರಿಗೆ ತಾಲ್ಲೂಕು ಆಸ್ಪತ್ರೆ ಇದೆ, ರಾಯಚೂರಿನಲ್ಲಿ ರಿಮ್ಸ್ ಇದೆ. ಸ್ಪರ್ಶ ಕಳೆಯಲು ಬಿ-12 ಕೊರತೆ, ಕುಷ್ಠ ಮುಂತಾದ ಬೇರೆ ಕಾರಣಗಳೂ ಉಂಟು. ಕುಷ್ಠಕ್ಕೆ ಸರಕಾರಿ ಆಸ್ಪತ್ರೆಯಲ್ಲಿ ಔಷಧ ಉಚಿತ, ರೋಗ ಗುಣವಾಗುತ್ತದೆ, ಮುಚ್ಚಿಡಬೇಡಿ.

ಕಾಲಿನ ಆಣಿಯನ್ನು ಬ್ಲೇಡಿನಿಂದ ಕೆತ್ತಬೇಡಿ. ಗಾಯ ಕಂಡರೆ, ನೋವಿಲ್ಲದಿದ್ದರೂ, ಅದೇ ದಿನ ಆಸ್ಪತ್ರೆಗೆ ಹೋಗಿ.